‘ರೇನ್‌ಬೋ ಸಿಕ್ಸ್’ ಓದಿದವರ ಜಗಳ: ಯಾರ ಮಾತು ನಂಬಬೇಕು?

ಪ್ರಶ್ನೆ: ‘ರೇನ್‌ಬೋ ಸಿಕ್ಸ್’ ವಿಡಿಯೊ ಗೇಮ್ ಆಡುತ್ತಲೇ ಬೆಳೆದವನು ನಾನು. ಟಾಮ್ ಕ್ಲ್ಯಾನ್ಸಿ ಬರೆದ ಅದೇ ಹೆಸರಿನ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಬೇರೆಯವರು ಏನು ಹೇಳಿದ್ದಾರೆ ಎಂದು ನೋಡಹೋಗಿ ಗೊಂದಲಕ್ಕೆ ಬಿದ್ದಿದ್ದೇನೆ. ‘ಕಮಾಂಡೊ ಕೆಲಸ ಇಷ್ಟು ನೈಜವಾಗಿ ಬಂದ ಪುಸ್ತಕ ಇನ್ನೊಂದಿಲ್ಲ’ ಎಂದು ಕೆಲವರು. ‘ಖಳರು ಶುದ್ಧ ಕಾಮಿಕ್ಸ್‌ನವರು, ಅಷ್ಟು ಓದಿದ ಡಾಕ್ಟರು, ವಿಜ್ಞಾನಿಗಳು ಸ್ವಂತ ದೇಶದವರನ್ನು ಕೊಲ್ಲುತ್ತಾರೆಯೇ’ ಎಂದು ಇನ್ನು ಕೆಲವರು. ಕೊನೆಯ ಭಾಗದ ಬಗ್ಗೆಯಂತೂ ಕಿತ್ತಾಟ. ಯಾರ ಮಾತು ಸರಿ? ಪಿಯುಸಿ ಓದುತ್ತಿರುವ ತಮ್ಮ ಪುಸ್ತಕ ಕೇಳುತ್ತಿದ್ದಾನೆ. ಕೊಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾದಂಬರಿಯಲ್ಲಿ ಜನ ‘ನೈಜ’ ಎಂದು ಮೆಚ್ಚುವ ಭಾಗ ಅವರು ಅಂದುಕೊಂಡಷ್ಟು ನೈಜವಲ್ಲ. ‘ಸಾಧ್ಯವೇ ಇಲ್ಲ’ ಎಂದು ನಗುವ ಭಾಗಕ್ಕೆ ಹತ್ತಿರದ ಸಂಗತಿಗಳು ನಿಜವಾಗಿ ನಡೆದುಹೋಗಿವೆ. ಕೊನೆಯ ಭಾಗದ ಕಿತ್ತಾಟ ಮಾತ್ರ ಆಗಲೇಬೇಕಾದದ್ದು. ಅದರಲ್ಲಿ ನಾನು ಯಾರ ಕಡೆ ಎಂಬುದನ್ನೂ ಹೇಳುತ್ತೇನೆ. ಉತ್ತರದಲ್ಲಿ ಕಥೆಯ ಗುಟ್ಟೆಲ್ಲ ಹೊರಬೀಳುತ್ತದೆ, ಆದ್ದರಿಂದ ಪುಸ್ತಕ ಓದದವರು ಓದಿದ ಮೇಲೆ ಇಲ್ಲಿಗೆ ಬರುವುದು ಒಳ್ಳೆಯದು.

ಓದಿ ಬಹಳ ಕಾಲವಾದವರಿಗಾಗಿ ಕಥೆಯ ಎಳೆ ಇಷ್ಟು: ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ಹಲವು ದೇಶಗಳ ಯೋಧರನ್ನು ಕೂಡಿಸಿ ‘ರೇನ್‌ಬೋ’ ಎಂಬ ಗುಪ್ತ ಪಡೆ ಕಟ್ಟಲಾಗುತ್ತದೆ. ಜಾನ್ ಕ್ಲಾರ್ಕ್ ಅದರ ಮುಖ್ಯಸ್ಥ, ಅವನ ಅಳಿಯ ಡಿಂಗ್ ಚಾವೆಜ್ ಒಂದು ತಂಡದ ನಾಯಕ. ಸ್ವಿಟ್ಜರ್‌ಲೆಂಡಿನ ಬ್ಯಾಂಕು, ಆಸ್ಟ್ರಿಯಾದ ಬಂಗಲೆ, ಸ್ಪೇನಿನ ಮನರಂಜನಾ ಪಾರ್ಕು ಹೀಗೆ ಒಂದರ ಹಿಂದೊಂದು ಒತ್ತೆಯಾಳು ಪ್ರಕರಣಗಳು. ಇಂಥ ಹಲವು ದಾಳಿಗಳ ಹಿಂದೆ ಇರುವವರು ವಿದೇಶಿ ಶತ್ರುಗಳಲ್ಲ. ಅಮೆರಿಕದ ಒಂದು ಔಷಧ ಕಂಪನಿಯ ಒಡೆಯ ಜಾನ್ ಬ್ರೈಟ್ಲಿಂಗ್ ಮತ್ತವನ ಸಂಗಡಿಗರು. ‘ಶಿವ’ ಎಂದು ಹೆಸರಿಟ್ಟ ವೈರಸ್ಸನ್ನು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹರಡಿ, ಮನುಷ್ಯಕುಲವನ್ನು ಬಹುಪಾಲು ಅಳಿಸಿ ಭೂಮಿಯನ್ನು ಉಳಿಸುತ್ತೇವೆಂಬುದು ಅವರ ಯೋಜನೆ. ಪುಸ್ತಕ ಬಂದದ್ದು 1998ರಲ್ಲಿ, ಗೇಮ್ ಕೂಡ ಅದೇ ವರ್ಷ.

ಮೊದಲು ‘ನೈಜತೆ’ಯ ಮಾತು. ಕ್ಲ್ಯಾನ್ಸಿ ಸೈನ್ಯದಲ್ಲಿದ್ದವರಲ್ಲ. ದೃಷ್ಟಿದೋಷದಿಂದಾಗಿ ಸೇರಲಾಗಲಿಲ್ಲ. ಮೇರಿಲ್ಯಾಂಡಿನಲ್ಲಿ ವಿಮೆ ಮಾರುತ್ತಿದ್ದ ಮನುಷ್ಯ 1984ರಲ್ಲಿ ಜಲಾಂತರ್ಗಾಮಿಯ ಕಥೆಯೊಂದನ್ನು ಬರೆದರು. ನೌಕಾಪಡೆಯ ವಿಷಯದ ಪುಸ್ತಕಗಳನ್ನೇ ತರುತ್ತಿದ್ದ ಪ್ರಕಾಶನವೊಂದು ಅದನ್ನು ತನ್ನ ಮೊದಲ ಕಾದಂಬರಿಯಾಗಿ ಹೊರತಂದಿತು, ಅಧ್ಯಕ್ಷ ರೇಗನ್ ಮೆಚ್ಚಿದರು, ಮುಂದಿನದು ಚರಿತ್ರೆ. ಯಾರಿಗೂ ಸಿಗುವ ಕೈಪಿಡಿ, ನಿಯತಕಾಲಿಕ, ನಿವೃತ್ತರ ಮಾತು, ಇವುಗಳನ್ನು ಶ್ರದ್ಧೆಯಿಂದ ಓದಿ, ಕೇಳಿ ಕಟ್ಟಿದ ಜಗತ್ತು ಅದು. ಆ ಶ್ರದ್ಧೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ‘ರೇನ್‌ಬೋ ಸಿಕ್ಸ್’ನಲ್ಲಿ ತಂಡದವರು ಬೆಳಗಾಗೆದ್ದು ಓಡುವುದು, ದಿನವೂ ಗುರಿ ಅಭ್ಯಾಸ ಮಾಡುವುದು, ಸ್ನೈಪರ್‌ಗಳು ಗಂಟೆಗಟ್ಟಲೆ ಅಲ್ಲಾಡದೆ ಮಲಗಿ ಕಾಯುವುದು, ಈ ಪುಟಗಳು ಇವತ್ತಿಗೂ ಸೊಗಸಾಗಿವೆ. ಒಂದು ಕೆಲಸವನ್ನು ಚೆನ್ನಾಗಿ ಬಲ್ಲವರು ಒಟ್ಟಿಗೆ ದುಡಿಯುವುದನ್ನು ನೋಡುವ ಸುಖ ಅಲ್ಲಿದೆ. 700ಕ್ಕೂ ಹೆಚ್ಚು ಪುಟಗಳನ್ನು ಜನ ಕೆಳಗಿಡದೆ ಓದುವುದು ಇದಕ್ಕಾಗಿಯೇ.

ಆದರೆ ಉಪಕರಣಗಳ ವಿಷಯದಲ್ಲಿ ಎಚ್ಚರ ಬೇಕು. ಗೇಮ್ ಆಡಿದ ನಿಮಗೆ ಹೃದಯದ ಬಡಿತ ಪತ್ತೆಹಚ್ಚುವ ಸೆನ್ಸರ್ ಚೆನ್ನಾಗಿ ನೆನಪಿರಬೇಕು. ಕಾದಂಬರಿಯಲ್ಲೂ ಗೋಡೆಯಾಚೆ ಮನುಷ್ಯರು ಎಲ್ಲಿದ್ದಾರೆಂದು ತೋರಿಸುವ ಆ ಕೈಯಂತ್ರ ಬರುತ್ತದೆ, ತಂಡದವರು ಮೊದಲು ಅನುಮಾನಿಸಿ ಆಮೇಲೆ ಬೆರಗಾಗುತ್ತಾರೆ. ಇದು ಲೇಖಕರ ಕಲ್ಪನೆಯಲ್ಲ. ಅಂಥ ಯಂತ್ರವನ್ನು ಆಗ ಅಮೆರಿಕದಲ್ಲಿ ನಿಜವಾಗಿ ಮಾರುತ್ತಿದ್ದರು. ಕಾದಂಬರಿ ಹೊರಬಂದ 1998ರಲ್ಲೇ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ಅದನ್ನು ಪರೀಕ್ಷೆಗೆ ಒಡ್ಡಿತು. ಮನುಷ್ಯ ಯಾವ ಪೆಟ್ಟಿಗೆಯ ಹಿಂದಿದ್ದಾನೆ ಎಂಬುದು ಯಂತ್ರ ಹಿಡಿದವನಿಗೂ ಪರೀಕ್ಷಕನಿಗೂ ಗೊತ್ತಿರದಂತೆ ನೋಡಿಕೊಂಡಾಗ, ಯಂತ್ರ ಕೊಟ್ಟ ಉತ್ತರ ಕುರುಡು ಊಹೆಗಿಂತ ಒಂದಿಷ್ಟೂ ಮೇಲಿರಲಿಲ್ಲ. ‘ಇದರಲ್ಲಿರುವ ತಂತ್ರಜ್ಞಾನವೆಲ್ಲ ಅಸಲಿ’ ಎಂದು ಬರೆದ ಓದುಗರಲ್ಲಿ ಬಹಳ ಜನರಿಗೆ ಇದು ತಿಳಿದಿಲ್ಲ. ಕಾದಂಬರಿಯಲ್ಲಿದ್ದರೆ ಇಂಥ ನಂಬಿಕೆಯಿಂದ ಯಾರಿಗೂ ತೊಂದರೆಯಿಲ್ಲ. ಹೊರಗೆ ಬಂದಾಗ ತೊಂದರೆ ಘೋರ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯೊಂದರಿಂದ ಹುಟ್ಟಿದ ‘ಎಡಿಇ 651’ ಎಂಬ ನಕಲಿ ಬಾಂಬ್ ಶೋಧಕವನ್ನು ಇರಾಕ್ ಸರ್ಕಾರ ಕೊಂಡು ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ನಿಲ್ಲಿಸಿತ್ತು. ಅದರ ಮುಂದೆಯೇ ಸ್ಫೋಟಕ ತುಂಬಿದ ವಾಹನಗಳು ದಾಟಿಹೋದವು. ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ 10 ವರ್ಷ ಜೈಲಾಯಿತು, ಸತ್ತವರು ಸತ್ತರು.

ಕಾರ್ಯಾಚರಣೆಗಳ ಮಾತಿಗೆ ಬಂದರೆ, ರೇನ್‌ಬೋ ಪಡೆಗೆ ವಿಮಾನ ಸದಾ ಸಿದ್ಧ, ನಕ್ಷೆ ಸಿದ್ಧ, ಬಾಗಿಲು ಒಡೆದ ಕೆಲವು ಸೆಕೆಂಡಿನಲ್ಲಿ ಕೆಲಸ ಮುಗಿದಿರುತ್ತದೆ. ಈ ಚಿತ್ರದ ಹಿಂದೆ ಇರುವುದು 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ ಬ್ರಿಟಿಷ್ ಸೇನೆಯ ವಿಶೇಷ ಪಡೆ ಎಸ್‌ಎಎಸ್ ನಡೆಸಿದ ದಾಳಿಯ ಕೀರ್ತಿ. ಅಲ್ಲಿಯೂ ಎಲ್ಲ ನೆಟ್ಟಗೆ ನಡೆಯಲಿಲ್ಲ. ಹಗ್ಗದಲ್ಲಿ ಇಳಿಯುತ್ತಿದ್ದ ಯೋಧನೊಬ್ಬ ಸಿಕ್ಕಿಹಾಕಿಕೊಂಡು ಕಿಟಕಿಯ ಬೆಂಕಿಯಲ್ಲಿ ಸುಟ್ಟುಕೊಂಡ, ದಾಳಿಯ ನಡುವೆ ಒಬ್ಬ ಒತ್ತೆಯಾಳು ಸತ್ತ. ನಮ್ಮ ನೆನಪಿನಲ್ಲಿರುವುದು 2008ರ ಮುಂಬೈ. ಎನ್‌ಎಸ್‌ಜಿ ಇದ್ದದ್ದು ದೆಹಲಿಯ ಬಳಿಯ ಮಾನೇಸರದಲ್ಲಿ. ನವೆಂಬರ್ 26ರ ರಾತ್ರಿ ಶುರುವಾದ ದಾಳಿಯ ಜಾಗಕ್ಕೆ ಅವರು ತಲುಪಿದಾಗ ಮರುದಿನ ಬೆಳಗಾಗಿತ್ತು, ತಾಜ್ ಹೋಟೆಲಿನ ಕಾಳಗ ಮುಗಿದದ್ದು 29ರ ಬೆಳಿಗ್ಗೆ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸತ್ತದ್ದು ಆ ಹೋಟೆಲಿನೊಳಗೆ. ಕತ್ತಲೆ, ಹೊಗೆ, ನೂರಾರು ಕೋಣೆಗಳು, ಯಾವ ಬಾಗಿಲ ಹಿಂದೆ ಯಾರಿದ್ದಾರೋ ಗೊತ್ತಿಲ್ಲ. ಆ ಪಡೆಯ ನೆಲೆಗಳು ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಶುರುವಾದದ್ದು ಆಮೇಲೆ, 2009ರಲ್ಲಿ. ‘ರೇನ್‌ಬೋ ಸಿಕ್ಸ್’ನಲ್ಲೂ ತಂಡದವರು ಸಾಯುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಏನೂ ತಿಳಿಯದೆ ಕತ್ತಲಲ್ಲಿ ತಡಕಾಡುವ ಆ ಸಂಕಟ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇನ್ನು ಖಳರು. ‘ಓದಿದ ವಿಜ್ಞಾನಿಗಳು ಹೀಗೆ ಮಾಡುವುದಿಲ್ಲ’ ಎನ್ನುವವರಿಗೆ ನಾನು ಜಪಾನಿನ ಓಮ್ ಶಿನ್ರಿಕ್ಯೊ ಪಂಥದ ಹೆಸರು ಹೇಳುತ್ತೇನೆ. 1995ರ ಮಾರ್ಚ್ 20ರ ಬೆಳಿಗ್ಗೆ, ಜನ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಟೋಕಿಯೊದ ಮೆಟ್ರೊ ರೈಲುಗಳಲ್ಲಿ ಆ ಪಂಥದವರು ಸರಿನ್ ವಿಷಾನಿಲ ಬಿಟ್ಟರು. 13 ಮಂದಿ ಸತ್ತರು. 25 ವರ್ಷ ಹಾಸಿಗೆಯಲ್ಲೇ ನರಳಿದ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. ವಿಷ ಬಿಟ್ಟವರಲ್ಲಿ ಇಕುವೊ ಹಯಾಶಿ ಎಂಬಾತ ಹೃದಯ ಶಸ್ತ್ರಚಿಕಿತ್ಸಕ. ವಿಷ ತಯಾರಿಸಿದವರು ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರ ಕಲಿತವರು. 1992ರಲ್ಲಿ ಪಂಥದ ಗುರು ತಂಡ ಕಟ್ಟಿಕೊಂಡು ಆಫ್ರಿಕಾದ ಜಾಯಿರ್‌ಗೆ ಹೋಗಿಬಂದಿದ್ದ, ಎಬೋಲಾ ವೈರಸ್ ಸಿಕ್ಕೀತೆಂಬ ಆಸೆಯಿಂದ. ಕ್ಲ್ಯಾನ್ಸಿಯ ‘ಶಿವ’ ವೈರಸ್ ಎಬೋಲಾವನ್ನು ತಿದ್ದಿ ಮಾಡಿದ್ದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದಲ್ಲೇ 1984ರಲ್ಲಿ ಆರೆಗನ್ ರಾಜ್ಯದ ರಜನೀಶ್ ಆಶ್ರಮದ ಕೆಲವರು ಸ್ಥಳೀಯ ಚುನಾವಣೆಯಲ್ಲಿ ಎದುರಾಳಿ ಮತದಾರರು ಹೊರಬರದಿರಲೆಂದು ಹೋಟೆಲುಗಳ ಸಲಾಡಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆರೆಸಿ 751 ಜನರನ್ನು ಕಾಯಿಲೆ ಬೀಳಿಸಿದ್ದರು. 2001ರಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ರೋಗಾಣು ಬಂದು ಐವರು ಸತ್ತ ಪ್ರಕರಣದಲ್ಲಿ ಎಫ್‌ಬಿಐ ಕೊನೆಗೆ ಬೆರಳು ತೋರಿಸಿದ್ದು ಸೇನೆಯ ಸ್ವಂತ ಪ್ರಯೋಗಾಲಯದ ವಿಜ್ಞಾನಿಯೊಬ್ಬರತ್ತ.

ಹಾಗೆಂದು ಕ್ಲ್ಯಾನ್ಸಿ ಗೆದ್ದರು ಎನ್ನುವುದಿಲ್ಲ. ಹಣ, ಜಾಗ, ಪದವೀಧರರು ಎಲ್ಲ ಇದ್ದೂ ಓಮ್ ಪಂಥದ ಜೈವಿಕ ಪ್ರಯತ್ನಗಳು ನೆಲಕಚ್ಚಿದವು. 1993ರಲ್ಲಿ ಟೋಕಿಯೊದ ಕಾಮೆಯಿಡೊದಲ್ಲಿ ಕಟ್ಟಡದ ಮೇಲಿಂದ ಆಂಥ್ರಾಕ್ಸ್ ಸಿಂಪಡಿಸಿದಾಗ ಅಕ್ಕಪಕ್ಕದವರು ದುರ್ವಾಸನೆಯ ದೂರು ಕೊಟ್ಟದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅವರ ಕೈಯಲ್ಲಿದ್ದದ್ದು ಲಸಿಕೆಗೆ ಬಳಸುವ ತಳಿ. ಕಾದಂಬರಿಯ ಪ್ರಯೋಗಾಲಯದಲ್ಲಿ ಎಲ್ಲವೂ ಮೊದಲ ಸಲಕ್ಕೇ ಕೈಗೂಡುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಮನಸ್ಸಿನ ವಿಷಯದ್ದು. ರೋಗಿಗಳ ಎದೆ ಕೊಯ್ದು ಬದುಕಿಸುತ್ತಿದ್ದ ಹಯಾಶಿ, ರೈಲಿನಲ್ಲಿ ವಿಷದ ಚೀಲಕ್ಕೆ ಛತ್ರಿಯ ಮೊನೆ ಚುಚ್ಚುವವನಾದದ್ದು ಹೇಗೆ? ಆಮೇಲೆ ತಾನೇ ಬಾಯಿಬಿಟ್ಟು ಎಲ್ಲವನ್ನೂ ಒಪ್ಪಿಕೊಂಡದ್ದು ಯಾಕೆ? ಬ್ರೈಟ್ಲಿಂಗ್ ಬಗ್ಗೆ ಇಂಥ ಒಂದು ಪ್ರಶ್ನೆಯನ್ನೂ ಪುಸ್ತಕ ಕೇಳುವುದಿಲ್ಲ. ಅವನು ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಮಾತನ್ನು ಹೇಳುತ್ತಿರುತ್ತಾನೆ. ಪರಿಸರದ ಕಾಳಜಿಯುಳ್ಳವರೆಲ್ಲ ಒಳಗೊಳಗೆ ಇಂಥವರೇ ಇರಬಹುದು ಎಂಬ ಧ್ವನಿ ಹಲವು ಕಡೆ ಸುಳಿಯುತ್ತದೆ. ಕಾಡು, ಹೊಳೆ ಉಳಿಸಲು ಬೀದಿಗಿಳಿದ ಜನರನ್ನು ಹತ್ತಿರದಿಂದ ನೋಡಿದವರಿಗೆ ಇದು ನೋವಾಗುವ ಮಾತು, ಆ ಓದುಗರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ಹೇಳಬೇಕಾದದ್ದು ‘ಇಂಥವರು ಇರುವುದಿಲ್ಲ’ ಎಂದಲ್ಲ, ‘ಇಂಥವರು ಹೀಗೇಕಾದರು ಎಂದು ನೀವು ತೋರಿಸಲೇ ಇಲ್ಲ’ ಎಂದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಮುಂದಿದೆ, ಅದನ್ನು ಹೇಳಿದವರನ್ನು ಕಂಡದ್ದು ಕಡಿಮೆ. ದೇಶದವರೇ ದೇಶದವರ ಮೇಲೆ ಬಾಂಬ್ ಹಾಕಿದಾಗ ಕಷ್ಟವಾಗುವುದು ಅವರನ್ನು ಹೊಡೆಯುವುದಲ್ಲ, ಗುರುತಿಸುವುದು. ಕಾದಂಬರಿಯಲ್ಲಿ ಖಳರು ಯಾರೆಂದು ನಮಗೆ ಬೇಗನೆ ಗೊತ್ತಾಗುತ್ತದೆ. ಹೊರಗಿನ ಜಗತ್ತಿನಲ್ಲಿ ಮೊದಲ ಅನುಮಾನ ಹೋದದ್ದೆಲ್ಲ ತಪ್ಪು ಮನುಷ್ಯನ ಮೇಲೆ. ಓಮ್ ಪಂಥ 1994ರ ಜೂನ್‌ನಲ್ಲಿ ಮಾತ್ಸುಮೊಟೊ ಎಂಬ ಊರಿನಲ್ಲಿ ಮೊದಲ ಸಲ ಸರಿನ್ ಬಿಟ್ಟಾಗ ಪೊಲೀಸರೂ ಪತ್ರಿಕೆಗಳೂ ತಿಂಗಳುಗಟ್ಟಲೆ ಕಾಡಿದ್ದು ಅಲ್ಲಿನ ಒಬ್ಬ ಗೃಹಸ್ಥನನ್ನು. ಆತನ ಹೆಂಡತಿಯೇ ಆ ವಿಷದಿಂದ ಪ್ರಜ್ಞೆ ತಪ್ಪಿ ಮಲಗಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಾಂಬ್ ಇದ್ದ ಚೀಲವನ್ನು ಕಂಡು ಜನರನ್ನು ದೂರ ಸರಿಸಿದ ಕಾವಲುಗಾರನನ್ನೇ ಅಪರಾಧಿಯೆಂಬಂತೆ ಟಿವಿಗಳು ತೋರಿಸಿದವು.

1995ರ ಏಪ್ರಿಲ್ 19ರಂದು ಒಕ್ಲಹೋಮಾ ನಗರದ ಸರ್ಕಾರಿ ಕಟ್ಟಡ ಟ್ರಕ್ ಬಾಂಬಿಗೆ ಕುಸಿದು 168 ಮಂದಿ ಸತ್ತರು. ಅವರಲ್ಲಿ 19 ಮಕ್ಕಳು, ಹೆಚ್ಚಿನವರು ಕಟ್ಟಡದೊಳಗಿನ ಶಿಶುವಿಹಾರದವರು. ಆ ದಿನವೆಲ್ಲ ಅಮೆರಿಕದ ಸುದ್ದಿಯವರು ಪಶ್ಚಿಮ ಏಷ್ಯಾದವರ ಕೈವಾಡ ಎಂದೇ ಮಾತಾಡಿದರು. ಮಾಡಿದವನು ಟಿಮೊತಿ ಮೆಕ್‌ವೇ, ಗಲ್ಫ್ ಯುದ್ಧದಲ್ಲಿ ಪದಕ ಪಡೆದ ಅಮೆರಿಕದ ಮಾಜಿ ಸೈನಿಕ. ಅವನು ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಸ್ಫೋಟವಾಗಿ ಸುಮಾರು ಒಂದೂವರೆ ಗಂಟೆಯ ಮೇಲೆ ಹೆದ್ದಾರಿಯಲ್ಲಿ ಗಸ್ತಿನ ಪೊಲೀಸನೊಬ್ಬ ನಂಬರ್ ಪ್ಲೇಟ್ ಇಲ್ಲದ ಕಾರನ್ನು ನಿಲ್ಲಿಸಿದ, ಚಾಲಕನ ಬಳಿ ಪಿಸ್ತೂಲು ಕಂಡು ಹಿಡಿದು ಒಳಗೆ ಹಾಕಿದ. ಅತ್ತ ತನಿಖೆಯವರು ಅವಶೇಷದಲ್ಲಿ ಸಿಕ್ಕ ಟ್ರಕ್ಕಿನ ಆಕ್ಸಲ್ ಮೇಲಿನ ನಂಬರ್ ಹಿಡಿದು ಬಾಡಿಗೆ ಅಂಗಡಿಗೆ, ಅಲ್ಲಿಂದ ಒಂದು ಮೋಟೆಲ್‌ಗೆ ಹೋದರು. ಅಲ್ಲಿನ ರಿಜಿಸ್ಟರಿನಲ್ಲಿ ಅವನು ನಿಜ ಹೆಸರನ್ನೇ ಬರೆದಿದ್ದ. ಎರಡು ದಿನದ ಮೇಲೆ ಆ ಹೆಸರು ಹುಡುಕಿದಾಗ, ಇನ್ನೇನು ಬಿಡುಗಡೆಯಾಗುವುದರಲ್ಲಿದ್ದ ಅವನು ಸಣ್ಣ ಊರಿನ ಜೈಲಿನಲ್ಲಿ ಕೂತಿದ್ದ. 1978ರಿಂದ 17 ವರ್ಷ ಅಂಚೆ ಬಾಂಬ್ ಕಳಿಸಿದ ‘ಯುನಾಬಾಂಬರ್’ ಟೆಡ್ ಕಜಿನ್‌ಸ್ಕಿ ಹಾರ್ವರ್ಡ್‌ನಲ್ಲಿ ಓದಿದ ಗಣಿತಜ್ಞ. ಪತ್ರಿಕೆಯಲ್ಲಿ ಅಚ್ಚಾದ ಅವನ ಉದ್ದನೆಯ ಬರಹದಲ್ಲಿ ಅಣ್ಣನ ಮಾತಿನ ಧಾಟಿಯನ್ನು ಗುರುತಿಸಿ ಎಫ್‌ಬಿಐಗೆ ತಿಳಿಸಿದ್ದು ಒಡಹುಟ್ಟಿದ ತಮ್ಮ. ಆ ತಮ್ಮನ ಮನೆಯಲ್ಲಿ ಆ ದಿನಗಳು ಹೇಗೆ ಕಳೆದಿರಬಹುದು! ಅಟ್ಲಾಂಟಾದ ಬಾಂಬಿನ ಎರಿಕ್ ರುಡಾಲ್ಫ್ ಐದು ವರ್ಷ ಕಾಡಿನಲ್ಲಿ ತಲೆಮರೆಸಿಕೊಂಡಿದ್ದು 2003ರಲ್ಲಿ ಸಿಕ್ಕಿದ್ದು, ದಿನಸಿ ಅಂಗಡಿಯ ಹಿಂದೆ ಕಸದ ತೊಟ್ಟಿ ಕೆದಕುತ್ತಿದ್ದಾಗ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಪೊಲೀಸನ ಕೈಗೆ.

ಈ ಕಣ್ಣಿಟ್ಟುಕೊಂಡು ‘ರೇನ್‌ಬೋ ಸಿಕ್ಸ್’ಗೆ ಮರಳಿ ಹೋಗಿ ನೋಡಿ. ಅಷ್ಟೆಲ್ಲ ಯಂತ್ರ, ಪಡೆ, ಉಪಗ್ರಹ ಇದ್ದೂ ಸಂಚನ್ನು ಬಯಲು ಮಾಡುವವನು ಡಿಮಿಟ್ರಿ ಪೊಪೊವ್, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯಿಂದ ಹೊರಬಿದ್ದು ಹಣಕ್ಕಾಗಿ ಬ್ರೈಟ್ಲಿಂಗ್ ಬಳಿ ದುಡಿಯುತ್ತಿದ್ದ ದಲ್ಲಾಳಿ. ಯೂರೋಪಿನ ಹಲವು ದಾಳಿಗಳನ್ನು ಹೊಂದಿಸಿದವನೇ ಅವನು. ಕ್ಲಾರ್ಕ್‌ನ ಹೆಂಡತಿ, ಮಗಳು ಇದ್ದ ಆಸ್ಪತ್ರೆಯ ಮೇಲಿನ ದಾಳಿಯೂ ಅವನ ಏರ್ಪಾಡು. ತಾನು ಯಾವ ಕೆಲಸಕ್ಕೆ ಕೈಜೋಡಿಸಿದ್ದೇನೆಂಬುದು ತಿಳಿದ ಮೇಲೆ ಅವನಿಗೆ ತಡೆಯಲಾಗುವುದಿಲ್ಲ. ತಪ್ಪಿಸಿಕೊಂಡು, ತನ್ನನ್ನು ಕೊಂದರೂ ಆಶ್ಚರ್ಯವಿಲ್ಲದ ಆ ಕ್ಲಾರ್ಕ್‌ನ ಬಳಿಗೇ ಹೋಗುತ್ತಾನೆ. ಅವನಿಲ್ಲದಿದ್ದರೆ ರೇನ್‌ಬೋಗೆ ಏನೂ ಗೊತ್ತಾಗುತ್ತಿರಲಿಲ್ಲ, ಸಿಡ್ನಿಯಲ್ಲಿ ವೈರಸ್ ಹರಡಿಯೇ ಬಿಡುತ್ತಿತ್ತು. ನೈಜತೆಯನ್ನು ಹೊಗಳುವ ಓದುಗರು ಬಂದೂಕಿನ ಹೆಸರು ಹೇಳುತ್ತಾರೆ, ನಾನು ಪೊಪೊವ್ ಹೆಸರು ಹೇಳುತ್ತೇನೆ. ಇಡೀ ಪುಸ್ತಕದಲ್ಲಿ ಒಳಗೆ ಬದಲಾಗುವ ಮನುಷ್ಯ ಅವನೊಬ್ಬ. ನಿಜವಾದ ಪ್ರಕರಣಗಳು ಬಗೆಹರಿದ ರೀತಿಗೆ ಹತ್ತಿರವಿರುವುದೂ ಅವನೇ.

ಕೊನೆಯ ಭಾಗ. ಬ್ರೈಟ್ಲಿಂಗ್ ಗುಂಪು ಬ್ರೆಜಿಲ್ಲಿನ ಕಾಡಿನ ನೆಲೆಗೆ ಓಡಿಹೋಗುತ್ತದೆ. ಸಾಕ್ಷ್ಯ ಸಾಲದು, ವಕೀಲರು ಬಿಡಿಸಿಕೊಂಡು ಹೋಗುತ್ತಾರೆ ಎಂದು ಕ್ಲಾರ್ಕ್‌ನ ತಂಡ ಅಲ್ಲಿಗೇ ಹೋಗಿ, ಕಾದಾಡಿ, ಶರಣಾದವರ ಬಟ್ಟೆ, ಬೂಟು ಬಿಚ್ಚಿಸಿ, ಕಟ್ಟಡಗಳನ್ನು ನಾಶಮಾಡಿ, ‘ಪ್ರಕೃತಿ ಬೇಕೆಂದಿರಲ್ಲ, ಇರಿ’ ಎಂಬಂತೆ ಬರಿಮೈಯಲ್ಲಿ ಕಾಡಿಗೆ ಬಿಟ್ಟು ಬರುತ್ತದೆ. ‘ತಕ್ಕ ಶಾಸ್ತಿ’ ಎಂದು ಚಪ್ಪಾಳೆ ತಟ್ಟಿದವರ ಮನಸ್ಸು ನನಗೆ ಅರ್ಥವಾಗುತ್ತದೆ. ಬೀದಿಯಲ್ಲಿ ಮಲಗುವ ಬಡವರನ್ನೂ ಎಳೆಯ ಹೆಣ್ಣುಮಕ್ಕಳನ್ನೂ ಹಿಡಿದು ವೈರಸ್ ಪ್ರಯೋಗಿಸಿದವರ ಮೇಲೆ ಓದುವಾಗ ರಕ್ತ ಕುದಿಯದಿದ್ದರೆ ಹೇಗೆ? ಆದರೂ ನಾನು ಒಪ್ಪದವರ ಕಡೆ. ಶರಣಾದವರನ್ನು ಸಾಯಲು ಬಿಟ್ಟು ಬರುವುದು ಕೊಲೆ. ಅದನ್ನು ಪುಸ್ತಕ ವಿನೋದದ ಹಾಗೆ ಮುಗಿಸುತ್ತದೆ.

ನನ್ನ ಕಾರಣ ಬರೀ ನೀತಿಯದಲ್ಲ. ವಿಚಾರಣೆ ನಡೆಯದಿದ್ದರೆ ಏನಾಯಿತೆಂಬುದೇ ತಿಳಿಯುವುದಿಲ್ಲ. ಓಮ್ ಪಂಥದ ಸುಮಾರು 190 ಮಂದಿಯ ಮೇಲೆ ಜಪಾನ್ ಮೊಕದ್ದಮೆ ಹೂಡಿತು, ಅದು ಪೂರ್ತಿ ಮುಗಿಯಲು 2018 ಆಯಿತು. 13 ಮಂದಿಗೆ ಗಲ್ಲಾಯಿತು. ಇಷ್ಟು ದೀರ್ಘವಾಗಿ ನಡೆದದ್ದು ಸಂತ್ರಸ್ತರ ಮನೆಯವರಿಗೆ ಎಂಥ ಯಾತನೆಯೆಂದು ಊಹಿಸಬಲ್ಲೆ. ಆದರೂ ಯಾರು ಯಾವ ದಿನ ಏನು ಮಾಡಿದರು, ಪೊಲೀಸರು ಎಲ್ಲೆಲ್ಲಿ ಎಡವಿದರು, ಓದಿದ ಹುಡುಗರು ಹೇಗೆ ಸೆಳೆಯಲ್ಪಟ್ಟರು ಎಂದು ನಾವು ಇವತ್ತು ಮಾತಾಡಬಲ್ಲೆವಾದರೆ ಹಯಾಶಿಯಂಥವರು ನ್ಯಾಯಾಲಯದಲ್ಲಿ ನಿಂತು ಹೇಳಿದ್ದರಿಂದ. ಮೆಕ್‌ವೇಯ ವಿಚಾರಣೆ 1997ರಲ್ಲಿ ಡೆನ್ವರ್‌ನಲ್ಲಿ ತೆರೆದ ನ್ಯಾಯಾಲಯದಲ್ಲಿ ನಡೆಯಿತು, ಮಕ್ಕಳನ್ನು ಕಳೆದುಕೊಂಡವರು ಎದ್ದು ನಿಂತು ಹೇಳಿಕೊಂಡರು. ಬ್ರೈಟ್ಲಿಂಗ್‌ನ ಪ್ರಯೋಗಾಲಯದಲ್ಲಿ ಸತ್ತ ಆ ನಿರ್ಗತಿಕರ ಮನೆಯವರಿಗೆ ಕಾದಂಬರಿ ಏನು ಕೊಟ್ಟಿತು? ತಮ್ಮವರು ಹೇಗೆ ಸತ್ತರೆಂಬ ಸಂಗತಿಯೂ ಅವರಿಗೆ ತಲುಪಿರಲಾರದು. ಸರ್ಕಾರದ ಗುಪ್ತ ಪಡೆಯೊಂದು ಬೇರೆ ದೇಶದ ಕಾಡಿನಲ್ಲಿ ತನ್ನದೇ ಪ್ರಜೆಗಳ ತೀರ್ಪು ಕೊಟ್ಟುಬಂದದ್ದನ್ನು ಕಂಡು, ಸರ್ಕಾರದ ಮೇಲಿನ ದ್ವೇಷದಿಂದಲೇ ಬಾಂಬ್ ಇಟ್ಟ ಮೆಕ್‌ವೇಯಂಥವನು ‘ನಾನು ಹೇಳಿದ್ದು ಇದನ್ನೇ’ ಎಂದಿರುತ್ತಿದ್ದ.

ಪುಸ್ತಕ ಓದಿ ಯಾರೂ ಕೆಡುವುದಿಲ್ಲ, ಇದೆಲ್ಲ ಅತಿಯಾಯಿತು ಎಂದು ಕೆಲವರು ಹೇಳಬಹುದು. 1978ರಲ್ಲಿ ಅಮೆರಿಕದಲ್ಲಿ ಬಂದ, ಜನಾಂಗದ್ವೇಷವನ್ನೇ ಉಸಿರಾಡುವ ಒಂದು ಕಾದಂಬರಿಯಲ್ಲಿ ಸರ್ಕಾರಿ ಕಟ್ಟಡವನ್ನು ಟ್ರಕ್ ಬಾಂಬಿನಿಂದ ಉಡಾಯಿಸುವ ಪ್ರಸಂಗವಿದೆ. ಮೆಕ್‌ವೇ ಅದನ್ನು ಬಂದೂಕು ಮೇಳಗಳಲ್ಲಿ ಮಾರುತ್ತಿದ್ದ, ಸಿಕ್ಕಿಬಿದ್ದಾಗ ಅದರ ಪುಟಗಳ ಪ್ರತಿ ಕಾರಿನಲ್ಲಿತ್ತು. ಅದರ ಹೆಸರನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. ಕ್ಲ್ಯಾನ್ಸಿಯವರನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಘೋರ ಅನ್ಯಾಯ. ಅವರ ಪುಸ್ತಕದಲ್ಲಿ ಬಿಳಿಯರೂ ಕರಿಯರೂ ಲ್ಯಾಟಿನೊಗಳೂ ಹೆಗಲಿಗೆ ಹೆಗಲು ಕೊಟ್ಟು ಜನರನ್ನು ಕಾಪಾಡುತ್ತಾರೆ. ಬಾಂಬು, ಬಂದೂಕಿನ ಕಥೆಯನ್ನು ಯಾರು ಯಾಕೆ ಮೆಚ್ಚುತ್ತಾರೆ ಎಂದು ಕೇಳುವುದು ಅನಗತ್ಯವಲ್ಲ ಎಂಬುದಕ್ಕಷ್ಟೇ ಈ ಮಾತು.

ತಮ್ಮನ ವಿಷಯ. ಪಿಯುಸಿಯ ಹುಡುಗ ಗೇಮ್ ಹೇಗೂ ಆಡಿರುತ್ತಾನೆ, ಧಾರಾಳವಾಗಿ ಕೊಡಿ. ಅಪಹರಿಸಿದವರ ಮೇಲೆ ನಡೆಯುವ ಪ್ರಯೋಗದ ಅಧ್ಯಾಯಗಳು, ಸ್ಪೇನಿನ ಪಾರ್ಕಿನಲ್ಲಿ ಗಾಲಿಕುರ್ಚಿಯ ಪುಟ್ಟ ಹುಡುಗಿಯ ಕೊಲೆ, ಇವು ಮನಸ್ಸು ಕಲಕುವಂಥವು ಎಂದು ಮೊದಲೇ ಹೇಳಿಡಿ. ಆ ಹುಡುಗಿಯನ್ನು ಕೊಂದವನು ನಿಧಾನವಾಗಿ ಸಾಯಲೆಂದು ಸ್ನೈಪರ್ ಬೇಕೆಂದೇ ಹೊಟ್ಟೆಗೆ ಗುಂಡು ಹೊಡೆಯುವ ಪುಟವೊಂದಿದೆ. ಅದನ್ನೂ ಬ್ರೆಜಿಲ್ಲಿನ ಕೊನೆಯನ್ನೂ ಅವನು ಓದಿ ಮುಗಿಸಿದ ದಿನ ಇಬ್ಬರೂ ಕೂತು ಮಾತಾಡಿ. ಇಂಗ್ಲಿಷ್ ಕಷ್ಟವಿಲ್ಲ. ಬಂದೂಕುಗಳ ವಿವರ ಬಂದಾಗ ಪುಟ ಹಾರಿಸಿದರೂ ಕಥೆಗೆ ನಷ್ಟವಿಲ್ಲ. ಪೊಪೊವ್ ಬರುವ ಪುಟಗಳನ್ನು ಮಾತ್ರ ಹಾರಿಸಬಾರದೆಂದು ಅವನಿಗೆ ಹೇಳಿ.